ವೈದ್ಯರ ಪ್ರಶ್ನೆ, ರೋಗಿಯ ಅರ್ಧೋಕ್ತಿ

ರೋಗಿಯು ತನ್ನ ಸಂಕಟವನ್ನು ಹೇಳಿ ಮುಗಿಸುವ ಮೊದಲೇ ಅವನ ಮಾತಿಗೆ ತಡೆಯೊಡ್ಡುವುದು ಕೇವಲ ಶಿಷ್ಟಾಚಾರದ ಲೋಪವೋ, ಚಿಕಿತ್ಸೆಯ ಲೋಪವೋ? ಈ ವಿಷಯವನ್ನು ಅಳೆದು ನೋಡಿದ ಬರಹಗಳಲ್ಲಿ, ಮಾರ್ವೆಲ್ ಮತ್ತು ಸಂಗಡಿಗರು 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಗಮನಾರ್ಹವಾದುದು.

ಅಮೆರಿಕ ಮತ್ತು ಕೆನಡಾಗಳ 29 ಮಂದಿ ಕುಟುಂಬ ವೈದ್ಯರು ನಡೆಸಿದ 264 ಸಮಾಲೋಚನೆಗಳನ್ನು ಅದು ಪರಿಶೀಲಿಸಿತು. ರೋಗಿಯ ಮಾತಿನ ದಿಕ್ಕನ್ನು ವೈದ್ಯರು ಬದಲಿಸಿದುದು ಸರಾಸರಿ 23.1 ಸೆಕೆಂಡುಗಳಲ್ಲಿ; ಅಹವಾಲು ಪೂರ್ಣಗೊಂಡುದು ಶೇಕಡ 28 ಸಮಾಲೋಚನೆಗಳಲ್ಲಿ ಮಾತ್ರ. ಈ ತಡೆಯು ಬಹುಮಟ್ಟಿಗೆ ಪ್ರಶ್ನೆಯ ರೂಪದಲ್ಲಿಯೇ ಬರುತ್ತದೆ. "ನೋವು ಎಷ್ಟು ದಿನದಿಂದ?" ಎಂದು ಕೇಳುವ ವೈದ್ಯರ ಉದ್ದೇಶ ಒಳ್ಳೆಯದೇ. ಆದರೆ ಮೊದಲು ಹೇಳಿದ ಬಾಧೆಯೇ ಮುಖ್ಯವೆಂಬ ಊಹೆ ಅದರಲ್ಲಿ ಅಡಗಿದೆ. ಮಂಡಿನೋವಿನಿಂದ ಮಾತು ತೊಡಗಿದವನು ಎದೆಯ ಬಿಗಿತವನ್ನು ಕೊನೆಗೆ ಹೇಳಬೇಕೆಂದಿದ್ದರೆ, ಅದು ಅವನೊಡನೆಯೇ ಮನೆಗೆ ಮರಳುವುದೂ ಉಂಟು.

ಇಷ್ಟನ್ನು ಕಾಣಿಸಿಕೊಟ್ಟುದು ಪ್ರಬಂಧದ ಗುಣ. ಆದರೆ ಅದರಲ್ಲಿ ಹೆಚ್ಚು ಪ್ರಚಾರ ಪಡೆದ ಅಂಶವೇ ದುರ್ಬಲವಾದುದು. ಮಾತು ಮುಗಿಸಿದ ರೋಗಿಗಳು ತಡೆಯಲ್ಪಟ್ಟವರಿಗಿಂತ ಸರಾಸರಿ 6 ಸೆಕೆಂಡು ಮಾತ್ರ ಅಧಿಕವಾಗಿ ಬಳಸಿದರೆಂದು ಅದು ಹೇಳುತ್ತದೆ. ಆದುದರಿಂದ ಆಲಿಸುವುದಕ್ಕೆ ತಗಲುವ ವೆಚ್ಚ ಆರೇ ಸೆಕೆಂಡು ಎಂಬ ತೀರ್ಮಾನ ಸರಿಯಲ್ಲ. ಹೇಳುವುದು ಸ್ವಲ್ಪವಿದ್ದವರೇ ಬೇಗ ಮುಗಿಸಿರಬಹುದು. ತಡೆಯಲ್ಪಟ್ಟವರ ಬಳಿ ಉಳಿದ ಮಾತು ಎಷ್ಟೆಂಬುದು ಲೆಕ್ಕಕ್ಕೇ ಬಂದಿಲ್ಲ. ಖರ್ಚನ್ನು ಕಡಿಮೆ ತೋರಿಸಿದ ಲೆಕ್ಕಪತ್ರ ಯಾವ ಸದುದ್ದೇಶಕ್ಕೂ ಆಧಾರವಾಗಲಾರದು.

ನಿಜವಾದ ಬೆಲೆಗೆ ಹೆಚ್ಚು ಸಮೀಪವಾದುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಆಸ್ಪತ್ರೆಯೊಂದರಿಂದ 2002ರಲ್ಲಿ ಪ್ರಕಟವಾದ ಅಧ್ಯಯನ. ಅಲ್ಲಿ ವೈದ್ಯರು ನಡುವೆ ಬಾಯಿಹಾಕದೆ 335 ರೋಗಿಗಳ ಮಾತನ್ನು ಆಲಿಸಿದರು. ಸರಾಸರಿ 92 ಸೆಕೆಂಡುಗಳು ಹಿಡಿದವು. ಶೇಕಡ 78 ಮಂದಿ ಎರಡು ನಿಮಿಷಗಳೊಳಗೆ ತಾವಾಗಿಯೇ ನಿಲ್ಲಿಸಿದರು.

ಉಸಿರಾಡಲು ಕಷ್ಟಪಡುತ್ತಿರುವವನನ್ನು ಒಡನೆಯೇ ಪ್ರಶ್ನಿಸಬೇಕಾದೀತು; ಎಲ್ಲ ತಡೆಯೂ ದೋಷವಲ್ಲ. ಆದರೆ ಸಾಮಾನ್ಯ ರೋಗಿಗೆ ಆ ಎರಡು ನಿಮಿಷಗಳು ಸಲ್ಲಲೇಬೇಕು, ಅವು ಅಗ್ಗವೆಂಬ ಕಾರಣಕ್ಕಲ್ಲ, ಅವು ಅವನ ಪಾಲು ಎಂಬ ಕಾರಣಕ್ಕೆ. ವೃದ್ಧರ ಪರವಾಗಿ ತಾವೇ ಉತ್ತರಿಸುವ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಧರ್ಮಾರ್ಥ ಚಿಕಿತ್ಸಾಲಯಗಳನ್ನು ನಡೆಸುವ ಸಂಸ್ಥೆಗಳು ದಿನಕ್ಕೆ ಎಷ್ಟು ಮಂದಿಯನ್ನು ನೋಡಲಾಯಿತು ಎಂಬುದರ ಜೊತೆಗೆ, ಎಷ್ಟು ಮಂದಿಯ ಮಾತನ್ನು ಕೊನೆಯವರೆಗೆ ಕೇಳಲಾಯಿತು ಎಂಬುದನ್ನೂ ವಿಚಾರಿಸುವುದು ಉಚಿತ.