ದುಬಾರೆಯ ಹೊನಲೂ ನಮ್ಮ ವಾರಾಂತ್ಯವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ತರುಣರು ಮಳೆಗಾಲದ ವಾರಾಂತ್ಯಗಳಲ್ಲಿ ಗೆಳೆಯರೊಡಗೂಡಿ, ಬೈಲಕುಪ್ಪೆಯನ್ನು ಹಾಯ್ದು, ಕುಶಾಲನಗರದಾಚೆಯ ದುಬಾರೆಯನ್ನು ಸೇರಿ, ರಬ್ಬರಿನ ದೋಣಿಯಲ್ಲಿ ಕಾವೇರಿಯ ರಭಸದೊಡನೆ ಇಳಿದುಬರುವ ರಾಫ್ಟಿಂಗ್ ಎಂಬ ವಿಹಾರವು ಈ ಸೀಮೆಯಲ್ಲಿ ರೂಢಿಯಾಗಿ ನೆಲೆಗೊಂಡಿರುವುದರಿಂದ, ಅದನ್ನು ಬರಿಯ ಮೋಜೆಂದು ತಳ್ಳಿಹಾಕದೆ, ನಾಟಕವೊಂದನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಪರೀಕ್ಷಿಸುವುದು ಉಚಿತವೆಂದು ನನ್ನ ಭಾವನೆ.

ಇದರ ಮೊದಲ ಗುಣ ಸಹಶ್ರಮ. ಬೀಚನಹಳ್ಳಿಯ ಅಣೆಕಟ್ಟು 1974ರಲ್ಲಿ ತಡೆದು ನಿಲ್ಲಿಸಿದ ಕಪಿಲೆಯ ಹಿನ್ನೀರಿನಲ್ಲಿ ಹರಿಗೋಲನ್ನೇರಿದವನು ಅಂಬಿಗನ ಅತಿಥಿಯಾಗಿ ಕುಳಿತು ದಡದ ಕಾಡನ್ನು ನೋಡುತ್ತ ಸಾಗುತ್ತಾನೆ; ಅದು ನೋಟದ ಸುಖ. ರಾಫ್ಟನ್ನೇರಿದವನ ಕೈಗಾದರೋ ಹುಟ್ಟು ಬರುತ್ತದೆ. ಹಿಂಬದಿಯ ಗೈಡು ‘ಫಾರ್ವರ್ಡ್’ ಎಂದು ಕೂಗಿದೊಡನೆ ಎಡಬಲದವರೆಲ್ಲರೂ ಒಂದೇ ಲಯದಲ್ಲಿ ನೀರನ್ನೆಳೆಯದಿದ್ದರೆ ದೋಣಿ ಅಡ್ಡತಿರುಗಿ ಬಂಡೆಗೆ ಆತುಕೊಳ್ಳುವುದರಿಂದ, ಪದವಿ ಸಂಬಳಗಳ ತಾರತಮ್ಯವೆಲ್ಲ ಆ ಕ್ಷಣಕ್ಕೆ ಕರಗಿ ಸ್ನೇಹವು ದುಡಿಮೆಯ ರೂಪವನ್ನು ತಾಳುತ್ತದೆ. ಇಂಥ ಏಕಾಗ್ರತೆ ನಮ್ಮ ಇತರ ವಿನೋದಗಳಲ್ಲಿ ದುರ್ಲಭ.

ಆದರೂ ಈ ವಿಹಾರದ ಸಾರಸರ್ವಸ್ವವಿರುವುದು ನೀರನ್ನು ಓದುವ ವಿದ್ಯೆಯಲ್ಲಿ. ಎರಡು ಬಂಡೆಗಳ ನಡುವೆ ನುಣುಪಾಗಿ ಹೊರಟು ಕೆಳಮುಖವಾಗಿ ಕಿರಿದಾಗುತ್ತ ಹೋಗುವ ಹರಿವು ಆಳವಾದ ದಾರಿಯ ಸೂಚನೆ. ಅದೇ ಆಕೃತಿಯ ಮೊನೆ ಮೇಲ್ಮುಖವಾಗಿದ್ದರೆ ಅಲ್ಲಿ ನೀರಿನ ಕೆಳಗೆ ಬಂಡೆಯಡಗಿದೆ. ಬಂಡೆಯನ್ನು ಏರಿ ಧುಮುಕಿದ ನೀರು ಹಿಂದಕ್ಕೆ ಮಗುಚಿಕೊಳ್ಳುವ ಎಡೆ ಅಪಾಯದ್ದು, ಅಲ್ಲಿ ಸಿಕ್ಕವನನ್ನು ಹೊನಲು ಬಿಡದೆ ಹೊರಳಿಸುತ್ತದೆ. ಹೆಬ್ಬಂಡೆಯ ಮರೆಯ ನಿಶ್ಚಲ ಜಲದಲ್ಲಿ ದೋಣಿ ನಿರಾತಂಕವಾಗಿ ತಂಗಬಹುದು. ಬಲ್ಲ ಗೈಡು ಇವೆಲ್ಲವನ್ನೂ ನಿಮಿಷಾರ್ಧದಲ್ಲಿ ಗ್ರಹಿಸಿ ತನ್ನ ಹುಟ್ಟನ್ನು ತುಸುವೇ ಓರೆಮಾಡುತ್ತಾನೆ. ದೋಣಿ ಹಾದಿ ಹಿಡಿಯುತ್ತದೆ. ಆ ಕೌಶಲ್ಯ ಯಾವ ವೇದಿಕೆಯ ಕಲೆಗೂ ಕಡಿಮೆಯಾದುದಲ್ಲ. ಮುಂದೆ ಕುಳಿತವರಿಗೋ ಅದು ನಡೆದುದೇ ತಿಳಿಯದು.

ನನ್ನ ಆಕ್ಷೇಪವಿರುವುದು ಇಲ್ಲಿಯೇ. ಸುಮಾರು 7 ಕಿಲೋಮೀಟರಿನ ದುಬಾರೆಯ ದಾರಿಯಲ್ಲಿ ರಭಸದ ಇಳಿತಗಳು ಕೆಲವೇ. ಅವುಗಳ ನಡುವೆ ನೀಳವಾದ ಮಂದ ಮಡುಗಳು. ಮುಂದಿನ ಇಳಿತದ ಸ್ವರೂಪವನ್ನು ತೋರಿಸಿ ವಿವರಿಸುವುದಕ್ಕೆ ನದಿಯೇ ಒದಗಿಸಿದ ಈ ಬಿಡುವು ನೀರೆರಚಾಟದಲ್ಲಿಯೂ ಫೋಟೋಗಳಲ್ಲಿಯೂ ಕಳೆದುಹೋಗುತ್ತದೆ. ದೋಣಿಯಿಂದ ಬಿದ್ದವನು ಅಂಗಾತನಾಗಿ ತೇಲುತ್ತ ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿರಬೇಕು. ಸೆಳವಿನಲ್ಲಿ ಎದ್ದುನಿಲ್ಲಲು ಹವಣಿಸಿದರೆ ಕಾಲು ಬಂಡೆಯ ಸಂದಿನಲ್ಲಿ ಸಿಕ್ಕಿ, ಮೊಣಕಾಲುದ್ದದ ನೀರೂ ಅವನನ್ನು ಮಗುಚಿ ಮುಳುಗಿಸಬಲ್ಲುದು. ಪ್ರಾಣರಕ್ಷಣೆಯ ಈ ಪಾಠವನ್ನು ಅವಸರದಲ್ಲಿ ಹೇಳಿ ಮುಗಿಸುವುದನ್ನೂ, ಗೆಳೆಯರು ಹರಟುತ್ತಲೇ ಅದನ್ನು ಕೇಳುವುದನ್ನೂ ಕಂಡಾಗ ನನಗೆ ಕಳವಳವಾಗುತ್ತದೆ.

ಹೊನಲಿನ ಕಾಠಿಣ್ಯವನ್ನು ಬಲ್ಲವರು 1ರಿಂದ 6ರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ದುಬಾರೆ ಸಾಮಾನ್ಯವಾಗಿ ಕೆಳಗಿನ ದರ್ಜೆಗಳದು. ದಕ್ಷಿಣ ಕೊಡಗಿನ ಬರಪೊಳೆ ಮಳೆಗಾಲದಲ್ಲಿ 4ನೆಯದನ್ನು ಮುಟ್ಟುತ್ತದೆ. ಬ್ರಹ್ಮಗಿರಿಯ ಮಳೆಯನ್ನೇ ಹೊತ್ತು ಲಕ್ಷ್ಮಣತೀರ್ಥ ಪೂರ್ವಕ್ಕೆ ಹರಿದು ಹುಣಸೂರಿಗೆ ಬಂದರೆ, ಬರಪೊಳೆ ಪಶ್ಚಿಮದ ಕಣಿವೆಗಳಲ್ಲಿ ಧುಮುಕುತ್ತ ಕೇರಳಕ್ಕೆ ಇಳಿಯುತ್ತದೆ. ದುಬಾರೆಯಲ್ಲಿ ಏನನ್ನೂ ಕಲಿಯದವರು ಮರುವರ್ಷವೇ ಬರಪೊಳೆಗೆ ಹಾತೊರೆಯುವುದು ಸಾಹಸವೆನಿಸದು. ದುಬಾರೆಯಲ್ಲಿ ಸೌಮ್ಯವಾಗಿ ಕಂಡ ಕಾವೇರಿಯೇ ಕೆಳಗೆ ಚುಂಚನಕಟ್ಟೆಯ ಧನುಷ್ಕೋಟಿಯಲ್ಲಿ ಹೇಗೆ ಭೋರ್ಗರೆಯುತ್ತದೆಂಬುದನ್ನು ಕೃಷ್ಣರಾಜನಗರದವರು ಬಲ್ಲರು. 2018ರ ಆಗಸ್ಟಿನ ಪ್ರವಾಹದಲ್ಲಿ ಅದು ಕೊಡಗಿನೊಳಗೇ ಏನಾಗಬಲ್ಲುದೆಂಬುದನ್ನು ನಾವೆಲ್ಲರೂ ಕಂಡೆವು.

ವಿಹಾರ ಒಳ್ಳೆಯದು, ಅದನ್ನು ನಡೆಸುವ ಕ್ರಮ ಅಪಕ್ವ. ಆದುದರಿಂದ ಈ ಮಳೆಗಾಲ ದುಬಾರೆಗೆ ಹೊರಡುವ ಮಿತ್ರರಲ್ಲಿ ನನ್ನ ಪ್ರಾರ್ಥನೆ: ಜಾಕೆಟ್ಟಿನ ಪಟ್ಟಿಯನ್ನೂ ಹೆಲ್ಮೆಟ್ಟನ್ನೂ ಬಿಗಿದುಕೊಂಡ ಮೇಲೆ ದಡದಲ್ಲಿ ಕಾಲು ಗಂಟೆ ನಿಂತು, ಮೊದಲ ಇಳಿತವನ್ನು ತೋರಿಸಿ ಬಿಡಿಸಿ ಹೇಳುವಂತೆ ಗೈಡನ್ನು ಕೇಳಿರಿ; ನೀರು ಏರಿದೆ, ಇಂದು ಇಳಿಯುವುದು ಬೇಡವೆಂದು ಆತನೆಂದರೆ, ಹಣ ತೆತ್ತಿದ್ದೇವೆಂದು ವಾದಿಸದೆ ಹಿಂದಿರುಗಿರಿ.