ದೂಳಿಗೊಂದು ಮುಚ್ಚಳ

ಅಮೋಘಸಿದ್ಧನ ಅರಕೇರಿಯ ಸುತ್ತ ಜೋಳದ ರಾಶಿ ನಡೆಯುವ ಹೊತ್ತಿಗೆ ಗಾಳಿಯಲ್ಲಿ ಹೊಟ್ಟು, ಎರೆಮಣ್ಣಿನ ಪುಡಿ ಎರಡೂ ಇರುತ್ತವೆ. ಚಿಗರಿ ನೋಡಲೆಂದು ದುರ್ಬೀನು ಕೊರಳಿಗೆ ಹಾಕಿಕೊಂಡವನಿಗೆ ಆಗ ಗಾಜಿಗಿಂತ ಅದರ ಮುಚ್ಚಳವೇ ದೊಡ್ಡದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಚಿಗರಿಯತ್ತ ಬಂದೂಕು ತಿರುಗಿಸುವಂತಿಲ್ಲ. ಆದರೆ ಬೇಟೆಯ ಬಂದೂಕಿನ ದುರ್ಬೀನಿಗೆ ಬೇಕಾಗುವ ಮುಚ್ಚಳದ ಗುಣಗಳೇ ನಮ್ಮ ಈ ಬಡ ದುರ್ಬೀನಿಗೂ ಬೇಕು.

ಮಸೂರದ ಮೇಲೆ ಬೆಳಕಿನ ಪ್ರತಿಫಲನ ತಗ್ಗಿಸುವ, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಲೇಪವಿರುತ್ತದೆ. ದೂಳು ಕೂತಾಗ ಪಂಚೆಯ ಅಂಚಿನಿಂದ ಒರೆಸಿದಿರೋ, ಮಣ್ಣಿನ ಕಣವೇ ಉಪ್ಪುಕಾಗದವಾಗಿ ಗೀರೆಳೆಯುತ್ತದೆ. ಮೊದಲು ಊದಬೇಕು, ಆಮೇಲೆ ಮೆತ್ತನೆಯ ಕುಂಚ, ಬಟ್ಟೆ ಕಟ್ಟಕಡೆಗೆ. ಮುಚ್ಚಳವಿದ್ದರೆ ಈ ರಗಳೆಯೇ ಕಡಿಮೆ.

ಕೊಳ್ಳುವಾಗ ಬಹಳ ಮಂದಿ ಎಡವುವುದು ಅಳತೆಯಲ್ಲಿ. 8x42 ಎಂದು ಬರೆದಿದ್ದರೆ 42 ಮಿಲಿಮೀಟರ್ ಗಾಜಿನದು. ಮುಚ್ಚಳ ಕೂರುವುದು ಅದಕ್ಕಿಂತ ದಪ್ಪನೆಯ ಹೊರಕೊಳವೆಯ ಮೇಲೆ. ಅಳೆಯಬೇಕಾದ್ದು ಅದನ್ನು. ಪಾರದರ್ಶಕ ಮುಚ್ಚಳ ನನಗೆ ಸೇರದು: ಅದರ ಮೂಲಕ ನೋಡಿದರೆ ಚಿತ್ರ ಮಂಕು. ಬಿಡಿ ಮುಚ್ಚಳ ಹೊಲದಲ್ಲಿ ಬಿದ್ದರೆ ಕರಿಮಣ್ಣಿನ ಬಿರುಕಿಗೇ ಅರ್ಪಣೆ. ನನ್ನ ಓಟು ಕೊಳವೆಗೆ ಕಟ್ಟಿಕೊಂಡೇ ಇರುವ ರಬ್ಬರಿನ ಮುಚ್ಚಳಕ್ಕೆ. ಸ್ಪ್ರಿಂಗಿನದು ಚುರುಕು ನಿಜ, ಆದರೆ ಅದರ ‘ಟಕ್’ ಸದ್ದಿಗೆ ಚಿಗರಿ ಕಿವಿ ನಿಮಿರಿಸುತ್ತದೆ. ರಬ್ಬರಿನದನ್ನು ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಸದ್ದಿಲ್ಲದೆ ಕೆಳಗೆ ಜೋಲುತ್ತದೆ.