ಕಾಗೆಯಿಲ್ಲದ ಪಟ್ಟಿ

ಸಲೀಂ ಅಲಿಯವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ನಮ್ಮ ಮನೆಗೆ ಬಂದದ್ದು ಮಗನಿಗೆ ಶಾಲೆಯಲ್ಲಿ ಸಿಕ್ಕ ಬಹುಮಾನವಾಗಿ. ಅವನು ಚಿತ್ರ ನೋಡಿ ಮುಚ್ಚಿಟ್ಟ, ನಾನು ಓದಿದೆ. 1941ರಲ್ಲಿ ಮೊದಲು ಅಚ್ಚಾದ ಆ ಪುಸ್ತಕ ಈಗ ಅಡುಗೆಮನೆಯ ಕಪಾಟಿನಲ್ಲಿ, ಹಾಲಿನ ಲೆಕ್ಕದ ಪುಸ್ತಕದ ಪಕ್ಕದಲ್ಲಿದೆ.

ಅದರಲ್ಲಿ ನನಗೆ ಮೊದಲು ಹಿಡಿಸಿದ್ದು ಅಳತೆಯ ಕ್ರಮ. ಯಾವುದೇ ಹಕ್ಕಿಯ ಗಾತ್ರವನ್ನು ನಾವು ಬಲ್ಲ ಹಕ್ಕಿಯೊಂದರ ಪಕ್ಕ ನಿಲ್ಲಿಸಿ ಹೇಳುತ್ತಾರೆ: ಗುಬ್ಬಿಯಷ್ಟು, ಪಿಕಳಾರಕ್ಕಿಂತ ಚಿಕ್ಕದು, ಗೊರವಂಕಕ್ಕಿಂತ ತುಸು ದೊಡ್ಡದು. ಪಾರಿವಾಳ, ಕಾಗೆ, ಹದ್ದು, ರಣಹದ್ದುಗಳೂ ಅವರ ಅಳತೆಗಳೇ. ನಮ್ಮ ಚಟಾಕು, ಪಾವು, ಸೇರಿನ ಹಾಗೆ! ಮನೆಯ ಹತ್ತಿರದ್ದನ್ನೇ ಅಳತೆಯಾಗಿಟ್ಟುಕೊಂಡ ಈ ಜಾಣ್ಮೆಯಿಂದಲೇ, ಪ್ರಾಣಿಶಾಸ್ತ್ರ ಓದದ ನನ್ನಂಥವಳಿಗೂ ಆ ಪುಸ್ತಕ ದಕ್ಕಿತು.

ದಾಸರಹಳ್ಳಿಯ ನಮ್ಮ ಮನೆಯಿಂದ ಚೊಕ್ಕಸಂದ್ರ ಕೆರೆಗೆ ನಡೆದೇ ಹೋಗಬಹುದು. ಮಾರ್ಗಶಿರದ ಚಳಿಯಲ್ಲಿ, ಮನೆಯವರು ಏಳುವ ಮುಂಚೆ, ಪಕ್ಕದ ಮನೆಯ ಗೆಳತಿಯೊಡನೆ ಶಾಲು ಹೊದ್ದು ಹೊರಡುತ್ತಿದ್ದೆ. ಒಬ್ಬಳೇ ನಿಂತು ಮರ ನೋಡುವ ಹೆಂಗಸನ್ನು ಬೀದಿಯೆಲ್ಲ ನಿಂತು ನೋಡುತ್ತದೆ. ಇಬ್ಬರಿದ್ದರೆ ವಾಕಿಂಗ್ ಎಂದುಕೊಂಡು ಸುಮ್ಮನಾಗುತ್ತದೆ. ಹಿಮಾಲಯದ ಕಡೆಯಿಂದ ಬಂದ ಬೂದು ಸಿಪಿಲೆ ನೀರಿನಂಚಿನಲ್ಲಿ ಬಾಲ ಕುಣಿಸುವುದನ್ನು ಕಂಡ ದಿನ, ಒಲೆಯ ಮೇಲೆ ಹಾಲು ಉಕ್ಕಿದರೂ ನನಗೆ ಬೇಸರವಿಲ್ಲ. ಬಂದವಳೇ ಬರೆಯುತ್ತಿದ್ದೆ: ತಾರೀಖು, ಹೊತ್ತು, ಹಕ್ಕಿ. ಆದರೆ ಕಾಗೆಯನ್ನು ಬರೆಯುತ್ತಿರಲಿಲ್ಲ, ಗುಬ್ಬಿಯನ್ನೂ ಬರೆಯುತ್ತಿರಲಿಲ್ಲ. ದಿನಾ ಇರುವುದನ್ನು ಏನೆಂದು ಬರೆಯುವುದು?

ಕಳೆದ ಚಳಿಗಾಲ ಗೆಳತಿಯ ಅತ್ತೆ ಕೇಳಿದರು: "ನಮ್ಮ ಬೀದೀಲಿ ಗುಬ್ಬಿ ಬರೋದು ಯಾವಾಗ ನಿಂತೋಯ್ತಮ್ಮ? ನೀನು ಬರೆದಿಟ್ಟಿರ್ತೀಯಲ್ಲ."

14 ವರ್ಷಗಳ ನೋಟುಪುಸ್ತಕಗಳನ್ನು ತಿರುವಿ ಹಾಕಿದೆ. ಸಿಪಿಲೆ ಬಂದ ದಿನಗಳೆಲ್ಲ ಇದ್ದವು. ಗುಬ್ಬಿ ಹೋದ ದಿನ ಇರಲಿಲ್ಲ.

ಪುಸ್ತಕದ ಮಿತಿಯೂ ನನಗೆ ಕಂಡದ್ದು ಆಗಲೇ. ಹಕ್ಕಿ ಯಾವುದೆಂದು ಅದು ಹೇಳುತ್ತದೆ. ನಮ್ಮ ಬೀದಿಯಲ್ಲಿ ಇವತ್ತು ಎಷ್ಟಿದ್ದವೆಂದು ಹೇಳಲಾರದು. ಅದು ಓದುವವರ ಕೆಲಸ. ಆ ಪುಸ್ತಕದ ಅಳತೆಗಳಲ್ಲಿ ಒಂದಾದ ರಣಹದ್ದನ್ನೇ ನೋಡಿ. 1990ರ ದಶಕದಿಂದ ದೇಶದಲ್ಲೆಲ್ಲ ಅದರ ಸಂತತಿ ಕುಸಿಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಕಾರಣವೆಂದು 2004ರ ಹೊತ್ತಿಗೆ ಸ್ಪಷ್ಟವಾಯಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದರು. ನಮ್ಮ ಕಡೆ ಉಳಿದ ಕೆಲವೇ ರಣಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಕ್ಷಿತ ಧಾಮವೆಂದು ಘೋಷಿಸಬೇಕಾಯಿತು. 'ರಣಹದ್ದಿನಷ್ಟು' ಎಂದರೆ ಈಗಿನ ಮಕ್ಕಳಿಗೆ ಏನು ತಿಳಿದೀತು? ಸೇರೇ ಕಳೆದುಹೋದ ಮೇಲೆ ಅಕ್ಕಿ ಅಳೆಯುವುದು ಯಾವುದರಲ್ಲಿ?

ಅಪರೂಪದ್ದನ್ನೇ ಆಯ್ದು ಬರೆದ ನನ್ನ ಪಟ್ಟಿ ನನ್ನ ಒಡವೆ ಪೆಟ್ಟಿಗೆಯಾಗಿತ್ತು, ಊರಿನ ಲೆಕ್ಕವಾಗಿರಲಿಲ್ಲ. ಈ ವರ್ಷ ಕ್ರಮ ಬದಲಿಸಿದ್ದೇನೆ. ಮೊದಲ ಸಾಲು ಕಾಗೆಗೆ, ಎಣಿಸಿ. ಗುಬ್ಬಿಯ ಹೆಸರನ್ನೂ ದಿನಾ ಬರೆಯುತ್ತೇನೆ. ಎದುರಿಗೆ ಸೊನ್ನೆ ಹಾಕುವಾಗ ಕೈ ಹಿಂಜರಿಯುತ್ತದೆ, ಆದರೂ ಹಾಕುತ್ತೇನೆ. ಎಂದಾದರೂ ಅಲ್ಲಿ ಒಂದು ಎಂದು ಬರೆಯುವ ಬೆಳಗು ಬಂದರೆ, ಆ ತಾರೀಖು ಮಾತ್ರ ತಪ್ಪಿಹೋಗಬಾರದು.